ಸ್ಟೆಪ್ನಿ ಉಂಟಾ?

ನಮ್ಮ ಶಿರ್ವದಲ್ಲಿ ಹೊಸ ಕಾರು ಬಂದರೆ ಅದು ಒಂದು ಮನೆಯ ಸಂಗತಿಯಾಗಿ ಉಳಿಯುವುದಿಲ್ಲ. ಶೋರೂಮಿನಿಂದ ಹೊರಟ ಕಾರು ಮೊದಲು ದೇವಸ್ಥಾನದ ಎದುರು ನಿಲ್ಲಬೇಕು. ಕ್ರೈಸ್ತರ ಮನೆಯದಾದರೆ ಆರೋಗ್ಯ ಮಾತೆಯ ಇಗರ್ಜಿಯ ಅಂಗಳದಲ್ಲಿ ನಿಲ್ಲುತ್ತದೆ, ಪಾದ್ರಿಗಳು ಬಂದು ಪವಿತ್ರ ಜಲ ಚಿಮುಕಿಸುತ್ತಾರೆ. ದೇವಸ್ಥಾನದಲ್ಲಾದರೆ ಭಟ್ಟರು ಬಾನೆಟ್ಟಿಗೆ ಗಂಧ ಹಚ್ಚಿ, ಹೂವಿಟ್ಟು, ಆರತಿ ಎತ್ತಿದ ಮೇಲೆ ಚಕ್ರಗಳ ಅಡಿಗೆ ಲಿಂಬೆಹಣ್ಣು ಇಡುತ್ತಾರೆ. ಅಲ್ಲಿಂದ ಕಾರು ಮನೆಯಂಗಳಕ್ಕೆ ಬಂದರೆ ನೆರೆಕರೆಯವರೆಲ್ಲ ಒಂದು ಸುತ್ತು ಬಂದು ನೋಡಿ ಹೋಗುವುದು ವಾಡಿಕೆ. ಆನ್ ರೋಡ್ ಎಷ್ಟಾಯ್ತು, ಮೈಲೇಜ್ ಎಷ್ಟು ಕೊಡ್ತದೆ, ಲೋನ್ ಯಾವ ಬ್ಯಾಂಕಿನದು ಎಂಬ ಮಾತುಗಳ ನಡುವೆ ಒಂದು ಲೋಟ ಚಾ, ಒಂದು ತುಂಡು ಸ್ವೀಟು.

ಇತ್ತೀಚೆಗೆ ಪಕ್ಕದ ಮನೆಗೆ ಬ್ಯಾಟರಿ ಕಾರು ಬಂದಾಗ ನಮ್ಮ ಸೋದರಮಾವನೂ ನೋಡಲು ಬಂದಿದ್ದರು. ಮಾವ ಬಹಳ ವರ್ಷ ಟೂರಿಸ್ಟ್ ಕಾರು ಓಡಿಸಿದವರು. ಅವರು ಬೆಲೆಯನ್ನೂ ಕೇಳಲಿಲ್ಲ, ಡ್ಯಾಶ್‌ಬೋರ್ಡಿನ ದೊಡ್ಡ ಪರದೆಯನ್ನೂ ನೋಡಲಿಲ್ಲ. ನೇರ ಹಿಂದೆ ಹೋಗಿ ಡಿಕ್ಕಿ ತೆಗೆಸಿದರು, ಒಳಗಿನ ಹಲಗೆ ಎತ್ತಿದರು.

"ಇದರಲ್ಲಿ ಸ್ಟೆಪ್ನಿ ಎಲ್ಲುಂಟು ಮಗ?"

"ಸ್ಟೆಪ್ನಿ ಇಲ್ಲ ಮಾಮ. ಈಗಿನ ಕಾರಿಗೆ ಅದು ಬರುವುದಿಲ್ಲವಂತೆ. ಕಿಟ್ ಉಂಟು, ನೋಡಿ."

ಹುಡುಗ ತೋರಿಸಿದ್ದು ಒಂದು ಸಣ್ಣ ಚೀಲ. ಅದರೊಳಗೆ ಗಾಳಿ ಹಾಕುವ ಕಂಪ್ರೆಸರ್, ಒಂದು ಬಾಟಲಿ ದ್ರವ, ಒಂದು ಪೈಪು. ಮಾವ ಬಾಟಲಿಯನ್ನು ತಿರುಗಿಸಿ ನೋಡಿ, ಮೊದಲಿದ್ದ ಜಾಗದಲ್ಲೇ ಇಟ್ಟರು. "ಮೊಳೆ ತಾಗಿದರೆ ಇದು ಸಾಕು. ಟಯರಿನ ಬದಿ ಹರಿದರೆ ಎಂತ ಮಾಡ್ತಿ?" ಎಂದು ಕೇಳಿದರು. ಮನೆಯವರು ಯಾರೂ ಉತ್ತರಿಸಲಿಲ್ಲ. ಶೋರೂಮಿನಲ್ಲಿ ಈ ಪ್ರಶ್ನೆ ಬಂದೇ ಇರಲಿಲ್ಲ. ಲಕ್ಷಗಟ್ಟಲೆ ಹಣ ಕೊಟ್ಟು ತಂದ ಗಾಡಿಯಲ್ಲಿ ಐದನೆಯ ಚಕ್ರ ಇಲ್ಲವೆಂಬುದು ಅವರಿಗೆ ಸರಿಯಾಗಿ ಗೊತ್ತಾದದ್ದು ಆ ಹಲಗೆ ಎತ್ತಿದಾಗಲೇ.

ಅಂದಿನಿಂದ ಈ ವಿಷಯ ನನ್ನ ತಲೆಯಲ್ಲಿ ಕೂತಿದೆ. ಕೇಳಿ ತಿಳಿದಷ್ಟು, ಓದಿ ತಿಳಿದಷ್ಟು ಹೇಳಿಬಿಡುತ್ತೇನೆ. 2020ರ ಜುಲೈಯಲ್ಲಿ ಕೇಂದ್ರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಒಂದು ತಿದ್ದುಪಡಿ ತಂದಿತು. ಚಾಲಕ ಸೇರಿ ಒಂಬತ್ತಕ್ಕಿಂತ ಹೆಚ್ಚು ಸೀಟಿಲ್ಲದ, 3.5 ಟನ್ ಮೀರದ ಕಾರುಗಳಲ್ಲಿ ಟ್ಯೂಬ್‌ಲೆಸ್ ಟಯರ್, ಟಯರಿನ ಗಾಳಿ ಕಡಿಮೆಯಾದರೆ ಚಾಲಕನಿಗೆ ತಿಳಿಸುವ ಸೆನ್ಸರ್ ವ್ಯವಸ್ಥೆ ಮತ್ತು ಪಂಚರ್ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂಬುದು ಅದರ ಸಾರ. ಬ್ಯಾಟರಿ ಇಡಲು ಜಾಗ ಬೇಕೆನ್ನುವುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಆಮೇಲೆ ಬಂದ ಬ್ಯಾಟರಿ ಕಾರುಗಳಲ್ಲಿ ಹಲವು ಸ್ಟೆಪ್ನಿ ಇಲ್ಲದೆಯೇ ಬಂದವು. ಟಾಟಾದ ಟಿಯಾಗೊ ಇವಿಯಲ್ಲಿ ಇಲ್ಲ, ಎಂಜಿಯ ಪುಟ್ಟ ಕಾಮೆಟ್‌ನಲ್ಲಿ ಇಲ್ಲ, 19 ಇಂಚಿನ ದೊಡ್ಡ ಚಕ್ರದ ಮಹೀಂದ್ರ ಬಿಇ 6ರಲ್ಲಿಯೂ ಇಲ್ಲ.

ಕಂಪೆನಿಗಳ ಲೆಕ್ಕ ಅರ್ಥವಾಗದ್ದೇನಲ್ಲ. ಚಕ್ರ, ಜಾಕ್, ಸ್ಪ್ಯಾನರ್ ಸೇರಿದರೆ ಹದಿನೈದಿಪ್ಪತ್ತು ಕಿಲೋ ಆಗುತ್ತದೆ. ಅದನ್ನು ತೆಗೆದರೆ ಗಾಡಿ ಹಗುರ, ಹಗುರವಾದರೆ ಮೈಲೇಜ್ ಸ್ವಲ್ಪ ಹೆಚ್ಚು, ಬ್ಯಾಟರಿ ಕಾರಾದರೆ ಚಾರ್ಜು ಸ್ವಲ್ಪ ದೂರ ಬರುತ್ತದೆ. ಡಿಕ್ಕಿಯಲ್ಲಿ ಜಾಗ ಉಳಿಯುತ್ತದೆ. ಒಂದು ಟಯರ್, ಒಂದು ರಿಮ್ಮಿನ ಖರ್ಚೂ ಉಳಿಯುತ್ತದೆ. ಒಂದು ಕಾರಿಗೆ ಅದು ಸಣ್ಣ ಮೊತ್ತವಾದರೂ ಲಕ್ಷ ಕಾರು ಮಾಡುವವರಿಗೆ ಸಣ್ಣದಲ್ಲ. ಇದು ನಮ್ಮ ದೇಶದಲ್ಲಿ ಮಾತ್ರ ನಡೆಯುತ್ತಿರುವುದೂ ಅಲ್ಲ. ಅಮೆರಿಕದ ವಾಹನ ಸವಾರರ ದೊಡ್ಡ ಸಂಸ್ಥೆಯಾದ ಎಎಎ 2015ರ ಮಾದರಿಯ ಕಾರುಗಳನ್ನು ಲೆಕ್ಕ ಹಾಕಿ ನೋಡಿದಾಗ ಅವುಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕಾರುಗಳಿಗೆ ಸ್ಟೆಪ್ನಿ ಇರಲಿಲ್ಲ. ಪಂಚರಾದರೂ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸುಮಾರು 80 ಕಿಲೋಮೀಟರ್ ಓಡಬಲ್ಲ ಗಟ್ಟಿ ಬದಿಯ ರನ್‌ಫ್ಲಾಟ್ ಟಯರ್ ಹಾಕಿ ಸ್ಟೆಪ್ನಿ ಬಿಟ್ಟವರೂ ಇದ್ದಾರೆ. ಅದು ದುಬಾರಿ ಕಾರುಗಳ ಮಾತು. ನಮ್ಮ ಕೈಗೆಟುಕುವ ಕಾರಿಗೆ ಸಿಗುವುದು ಚೀಲದೊಳಗಿನ ಬಾಟಲಿ.

ಬಾಟಲಿಯನ್ನು ನಾನು ತಿರಸ್ಕರಿಸುತ್ತಿಲ್ಲ. ನೆಲಕ್ಕೆ ತಾಗುವ ಭಾಗದಲ್ಲಿ ಒಂದು ಮೊಳೆಯೋ ಸ್ಕ್ರೂವೋ ಹೊಕ್ಕರೆ ಆ ಕಿಟ್ ಚೆನ್ನಾಗಿ ಕೆಲಸ ಮಾಡುತ್ತದೆ. ದ್ರವವನ್ನು ವಾಲ್ವಿನ ಮೂಲಕ ಒಳಗೆ ಬಿಟ್ಟು, ಕಂಪ್ರೆಸರನ್ನು ಕಾರಿನ 12 ವೋಲ್ಟಿನ ಸಾಕೆಟ್‌ಗೆ ಚುಚ್ಚಿ ಗಾಳಿ ತುಂಬಿಸಿ, ಸ್ವಲ್ಪ ದೂರ ನಿಧಾನ ಓಡಿಸಿದರೆ ದ್ರವ ಒಳಗೆಲ್ಲ ಹರಡಿ ತೂತಿನಲ್ಲಿ ಗಟ್ಟಿಯಾಗುತ್ತದೆ. ಎಷ್ಟೋ ಕಿಟ್‌ಗಳಲ್ಲಿರುವುದು ರಬ್ಬರ್ ಹಾಲಿನಿಂದ ಮಾಡಿದ ದ್ರವವೇ. ಕಾರ್ಕಳ, ಬೆಳ್ತಂಗಡಿ ಕಡೆಯ ತೋಟಗಳಲ್ಲಿ ಬೆಳಗ್ಗೆ ಚಿಪ್ಪಿಗೆ ಇಳಿಯುವ ಅದೇ ಹಾಲು. ಆದರೆ ಅದಕ್ಕೆ ಮಿತಿ ಉಂಟು. ತೂತು 4ರಿಂದ 6 ಮಿಲಿಮೀಟರಿಗಿಂತ ದೊಡ್ಡದಾದರೆ ಆಗುವುದಿಲ್ಲ. ಟಯರಿನ ಬದಿ ಹರಿದರೆ ಆಗುವುದಿಲ್ಲ. ರಿಮ್ ಬಗ್ಗಿ ಗಾಳಿ ಹೋದರೆ ಆಗುವುದಿಲ್ಲ. ಬಾಟಲಿಗೆ ಅವಧಿಯ ತಾರೀಕೂ ಉಂಟು. ಹೆಚ್ಚಿನವು ನಾಲ್ಕೈದು ವರ್ಷಕ್ಕೆ ಮುಗಿಯುತ್ತವೆ. ಆಮೇಲೆ ಹೊಸ ಬಾಟಲಿ ತರಬೇಕು.

ಮಂಚಕಲ್ಲಿನ ಕಡೆ ನಮಗೆ ಗುರುತಿನ ಒಬ್ಬರು ಪಂಚರ್ ಅಂಗಡಿಯವರಿದ್ದಾರೆ. ಕಿಟ್ ಹಾಕಿದ ಟಯರ್ ಬಂದರೆ ಅವರಿಗೆ ಕೆಲಸ ಎರಡಾಗುತ್ತದೆ. ಮಾಮೂಲಿ ಟ್ಯೂಬ್‌ಲೆಸ್ ಪಂಚರಾದರೆ ಟಯರ್ ಕಳಚುವುದೂ ಬೇಡ. ಮೊಳೆ ಕಿತ್ತು, ತೂತನ್ನು ಸೂಜಿಯಿಂದ ಉಜ್ಜಿ, ಗಮ್ ಹಚ್ಚಿದ ಸ್ಟ್ರಿಪ್ ತೂರಿಸಿ, ಉಳಿದ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ, ಸೋಪಿನ ನೀರು ಹಾಕಿ ಗುಳ್ಳೆ ಬರುತ್ತದೋ ಎಂದು ನೋಡಿದರೆ ಮುಗಿಯಿತು. ಕಿಟ್ಟಿನ ದ್ರವ ಹಾಕಿದ್ದಾದರೆ ಟಯರನ್ನು ರಿಮ್ಮಿನಿಂದ ಬಿಡಿಸಲೇಬೇಕು. ಒಳಗೆ ಬಿಳಿಯ ಅಂಟು ನೀರು ಸುರಿಯುತ್ತದೆ, ಅದನ್ನು ಒರಸಿ, ತೊಳೆದು, ವಾಲ್ವಿನ ಬುಡದಲ್ಲಿರುವ ಸೆನ್ಸರಿಗೆ ಅಂಟಿದ್ದನ್ನು ಜಾಗ್ರತೆಯಿಂದ ತೆಗೆದು, ಒಣಗಿಸಿ, ಆಮೇಲೆ ಪ್ಯಾಚ್ ಕೆಲಸ. ಒಮ್ಮೆ ನಾನು ಅಲ್ಲಿ ಕೂತಿದ್ದಾಗ ಇಂಥದ್ದೇ ಒಂದು ಟಯರ್ ಬಿಡಿಸುತ್ತಿದ್ದರು. ದ್ರವವೆಲ್ಲ ಹೊರಗೆ ಚೆಲ್ಲಿದ ಮೇಲೆ ಟಯರಿನ ಬದಿಯನ್ನು ಬೆರಳಿನಿಂದ ಅಗಲಿಸಿ ಕಾರಿನವರಿಗೆ ತೋರಿಸಿದರು. ಒಂದು ಬೆರಳು ಉದ್ದದ ಸೀಳು. "ಇಲ್ಲಿ ಹರಿದದ್ದಕ್ಕೆ ಆ ನೀರು ಹಾಕಿ ಎಂತ ಪ್ರಯೋಜನ ಸರ್? ಇದು ಇನ್ನು ಆಗುವುದಿಲ್ಲ, ಹೊಸತೇ ಬೇಕು" ಎಂದರು. ಆ ಅಳತೆಯ ಹೊಸತು ಅವರಲ್ಲಿ ಇರಲಿಲ್ಲ.

ನಮ್ಮ ಊರಿನ ರಸ್ತೆಗಳನ್ನು ಬಲ್ಲವರಿಗೆ ಟಯರಿನ ಬದಿ ಹೇಗೆ ಹರಿಯುತ್ತದೆಂದು ವಿವರಿಸಬೇಕಾಗಿಲ್ಲ. ವರ್ಷಕ್ಕೆ 4,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಜಿಲ್ಲೆ ಇದು. ಜೂನ್ ತಿಂಗಳಲ್ಲಿ ಒಂದು ವಾರ ಬಿಡದೆ ಹೊಡೆದರೆ ಡಾಮರಿನ ಅಂಚು ಕರಗಿ ಹೋಗುತ್ತದೆ. ಒಳರಸ್ತೆಗಳಿಗೆ ಈಗ ಕಾಂಕ್ರೀಟು ಹಾಕಿದ್ದಾರೆ, ಒಳ್ಳೆಯದೇ. ಆದರೆ ಕಾಂಕ್ರೀಟಿನ ಬದಿಗೆ ಮಣ್ಣು ತುಂಬಿಸಿ ಗಟ್ಟಿ ಮಾಡದಿದ್ದರೆ ಮೊದಲ ಮಳೆಗೇ ಆ ಮಣ್ಣು ತೋಡಿಗೆ ಹೋಗಿ, ಅರ್ಧ ಅಡಿ ಎತ್ತರದ ಚೂಪು ಅಂಚು ಉಳಿಯುತ್ತದೆ. ಎದುರಿನಿಂದ ಬಸ್ಸು ಬಂದಾಗ ಕಾರಿನ ಎಡಚಕ್ರ ಕೆಳಗಿಳಿಸಲೇಬೇಕು; ಮತ್ತೆ ಮೇಲೆ ಹತ್ತಿಸುವಾಗ ಟಯರಿನ ಬದಿ ಆ ಅಂಚಿಗೆ ಉಜ್ಜುತ್ತದೆ. ಹೊಂಡ ಬಿದ್ದಲ್ಲಿ ಮುರಕಲ್ಲಿನ ತುಂಡು ಹಾಕಿ ಮುಚ್ಚುವುದುಂಟು, ನೀರು ನಿಂತರೆ ಆ ಕಲ್ಲು ಕಾಣುವುದಿಲ್ಲ. ಕಟಪಾಡಿಯಿಂದ ಶಂಕರಪುರ, ಬಂಟಕಲ್ಲು ದಾಟಿ ಶಿರ್ವಕ್ಕೆ, ಅಲ್ಲಿಂದ ಬೆಳ್ಮಣ್ಣಿಗೆ ಹೋಗುವ ಮುಖ್ಯರಸ್ತೆ ಬಿಟ್ಟು ಒಳಗೆ ತಿರುಗಿದರೆ ಪ್ರತಿಯೊಂದು ಮನೆಗೂ ಹೀಗೊಂದು ದಾರಿ.

ಇನ್ನು ಟಯರಿನ ಮಾತು. ಬದಿಯಲ್ಲಿ 195/55 ಆರ್ 16 ಎಂದು ಬರೆದಿದ್ದರೆ ಟಯರಿನ ಅಗಲ 195 ಮಿಲಿಮೀಟರ್, ಅದರ ಶೇಕಡಾ 55ರಷ್ಟು ಬದಿಯ ಎತ್ತರ, 16 ಇಂಚಿನ ರಿಮ್ ಎಂದು ಅರ್ಥ. ಅಂದರೆ ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರ್ ಹನ್ನೊಂದು ಸೆಂಟಿಮೀಟರೂ ಇಲ್ಲ. ಅಂಬಾಸಿಡರ್ ಕಾರಿನ 5.90-15ರ ಟಯರಿಗೆ ಅದಕ್ಕಿಂತ ಎಷ್ಟೋ ಎತ್ತರದ ಬದಿ ಇತ್ತು. ಹೊಂಡಕ್ಕೆ ಬಿದ್ದರೆ ರಬ್ಬರ್ ಮಣಿದು ಪೆಟ್ಟು ತಿನ್ನುತ್ತಿತ್ತು. ಈಗ ನೋಟಕ್ಕೆಂದು ರಿಮ್ ದೊಡ್ಡದು ಮಾಡಿದ್ದಾರೆ, ರಬ್ಬರ್ ತೆಳ್ಳಗಾಗಿದೆ. ಬದಿ ಹರಿಯುವ ಅಪಾಯ ಹೆಚ್ಚಿದ ಕಾಲದಲ್ಲೇ ಸ್ಟೆಪ್ನಿಯನ್ನು ತೆಗೆದು, ಬದಿ ಹರಿದರೆ ಕೆಲಸಕ್ಕೆ ಬಾರದ ಬಾಟಲಿಯನ್ನು ಇಟ್ಟಿದ್ದಾರೆ. ನನ್ನ ದೊಡ್ಡ ಆಕ್ಷೇಪ ಇದು.

ಅದಕ್ಕೆ ಸೇರಿದ ಇನ್ನೊಂದು ಮಾತೂ ಉಂಟು. ಅಂಬಾಸಿಡರ್, ಪದ್ಮಿನಿ, ಮಾರುತಿ 800 ಓಡುತ್ತಿದ್ದ ದಿನಗಳಲ್ಲಿ ಮೂರ್ನಾಲ್ಕು ಅಳತೆಯ ಟಯರ್ ಇಟ್ಟುಕೊಂಡರೆ ಊರಿನ ಎಲ್ಲ ಕಾರುಗಳಿಗೂ ಸಾಕಾಗುತ್ತಿತ್ತು. ಮೈಸೂರಿನಲ್ಲೇ ವಿಕ್ರಾಂತ್ ಟಯರ್ ಕಾರ್ಖಾನೆ ಇತ್ತು. ಟಯರ್ ಸಿಗದಿದ್ದರೆ ಸ್ಟ್ಯಾಂಡಿನ ಇನ್ನೊಬ್ಬ ಡ್ರೈವರನ ಸ್ಟೆಪ್ನಿ ಎರವಲು ತಂದು ಹಾಕಿ ಬಾಡಿಗೆ ಮುಗಿಸಿ ಬರುತ್ತಿದ್ದರು; ಅಲ್ಲಿಯ ಎಲ್ಲ ಗಾಡಿಗೂ ಒಂದೇ ಅಳತೆ, ಒಂದೇ ನಟ್ಟು. ಈಗ ಒಂದೇ ಕಂಪೆನಿಯ ಒಂದೇ ಮಾದರಿಯಲ್ಲಿ ಕೆಳಗಿನ ವೇರಿಯಂಟಿಗೆ ಒಂದು ಅಳತೆ, ಮೇಲಿನದಕ್ಕೆ ಬೇರೊಂದು. ಅಷ್ಟನ್ನೂ ತಂದಿಡಲು ಹಳ್ಳಿಯ ಅಂಗಡಿಯವರಿಗೆ ಎಲ್ಲಿಯ ಬಂಡವಾಳ?

ಇದು ಬರೀ ವಾದವಲ್ಲ, ನಮ್ಮ ಮನೆಯವರೇ ಅನುಭವಿಸಿದ್ದು. ಕಳೆದ ಮಳೆಗಾಲದ ಒಂದು ರಾತ್ರಿ ನನ್ನ ತಂಗಿಯ ಮಗ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಕಾರ್ಕಳದ ನೆಂಟರ ಮನೆಯಿಂದ ಹಿಂದಿರುಗುತ್ತಿದ್ದ. ಭಾವನಿಗೆ ಆಗಷ್ಟೇ ಆಪರೇಷನ್ ಆಗಿತ್ತು. ಬೆಳ್ಮಣ್ಣು ದಾಟಿ ಶಿರ್ವದ ದಾರಿಗೆ ತಿರುಗಿದ ಮೇಲೆ ನೀರು ತುಂಬಿದ ಹೊಂಡಕ್ಕೆ ಚಕ್ರ ಬಿತ್ತು, ಬದಿ ಸೀಳಿ ಹೋಯಿತು. ಸೆನ್ಸರ್ ತನ್ನ ಕೆಲಸ ಸರಿಯಾಗಿಯೇ ಮಾಡಿತು, ಎಡಗಡೆ ಮುಂದಿನ ಟಯರಿನಲ್ಲಿ ಗಾಳಿ ಇಲ್ಲ ಎಂದು ಕೆಂಪು ಅಕ್ಷರದಲ್ಲಿ ತೋರಿಸಿತು. ಬಾಟಲಿಯ ದ್ರವ ಒಳಗೆ ಹೋದಂತೆಯೇ ಸೀಳಿನಿಂದ ಹೊರಗೆ ಬಂತು. ಸಹಾಯವಾಣಿಗೆ ಫೋನ್ ಮಾಡಿದರೆ ಮಾತಾಡಿದವರಿಗೆ ಬೆಳ್ಮಣ್ಣು ಎಲ್ಲಿದೆಯೆಂದೇ ತಿಳಿಯದು, ಮಳೆಗೆ ನೆಟ್‌ವರ್ಕ್ ಬೇರೆ ಹೋಗಿ ಬರುತ್ತಿತ್ತು. ಬೆಳಗ್ಗೆ ಗಾಡಿ ಕಳಿಸುತ್ತೇವೆ ಎಂದರು. ಆ ದಾರಿಯಾಗಿ ಬಂದ ಒಬ್ಬರು ರಿಕ್ಷಾದವರು ನಿಲ್ಲಿಸಿ, ಭಾವನನ್ನೂ ತಂಗಿಯನ್ನೂ ಮನೆ ಮುಟ್ಟಿಸಿದರು. ಬಾಡಿಗೆ ಮೇಲೆ ಒಂದು ರೂಪಾಯಿ ಹೆಚ್ಚು ತೆಗೆದುಕೊಳ್ಳಲಿಲ್ಲ. ಹುಡುಗ ಕಾರಿನಲ್ಲೇ ಬೆಳಗು ಮಾಡಿದ. ಮರುದಿನ ಲಾರಿಯ ಮೇಲೆ ಕಾರನ್ನು ಹೇರಿಕೊಂಡು ಹೋದರು. ಆ ಅಳತೆಯ ಟಯರ್ ಕಾರ್ಕಳದಲ್ಲಿ ಇರಲಿಲ್ಲ, ಉಡುಪಿಯಲ್ಲಿ ಇರಲಿಲ್ಲ, ಮಂಗಳೂರಿನಿಂದ ತರಿಸಬೇಕಾಯಿತು. ಸ್ಟೆಪ್ನಿ ಇದ್ದಿದ್ದರೆ ಅರ್ಧ ಗಂಟೆಯ ಕೆಲಸ.

ಆ ಅರ್ಧ ಗಂಟೆಯ ಕೆಲಸವನ್ನು ಮಾವ ಮಾಡುವುದನ್ನು ಚಿಕ್ಕಂದಿನಲ್ಲಿ ಹತ್ತಿರದಿಂದ ನೋಡಿದ್ದೇನೆ. ಮೊದಲು ಎಲ್ಲರನ್ನೂ ಕಾರಿನಿಂದ ಇಳಿಸುತ್ತಿದ್ದರು. ಎದುರು ಬದಿಯ ಚಕ್ರಕ್ಕೆ ಹಿಂದೆ ಮುಂದೆ ಎರಡು ಕಲ್ಲು. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿ, ಜಾಕ್ ಹಾಕುವುದಕ್ಕೆ ಮೊದಲೇ ನಟ್ಟುಗಳನ್ನು ಒಂದೊಂದು ಸುತ್ತು ಸಡಿಲಿಸುವುದು. ಚಕ್ರ ನೆಲದಲ್ಲಿ ಗಟ್ಟಿ ನಿಂತಿರುವಾಗಲೇ ಅದು ಆಗಬೇಕು, ಮೇಲೆದ್ದ ಮೇಲೆ ಚಕ್ರವೇ ತಿರುಗುತ್ತದೆ. ನಟ್ಟು ಬಿಗಿ ಕೂತಿದ್ದರೆ ಸ್ಪ್ಯಾನರಿನ ತುದಿಗೆ ಕಾಲಿಟ್ಟು ತುಳಿಯುತ್ತಿದ್ದರು. ಮೆತ್ತಗಿನ ಮಣ್ಣಾದರೆ ಜಾಕಿನ ಅಡಿಗೆ ಒಂದು ಹಲಗೆ. ಅದಕ್ಕೆಂದೇ ಒಂದು ಹಲಸಿನ ಹಲಗೆ ಡಿಕ್ಕಿಯಲ್ಲಿ ಸದಾ ಇರುತ್ತಿತ್ತು. ಕಳಚಿದ ನಟ್ಟುಗಳು ಹುಲ್ಲಿನಲ್ಲಿ ಕಾಣೆಯಾಗದ ಹಾಗೆ ವೀಲ್ ಕಪ್ಪನ್ನು ಅಂಗಾತ ಇಟ್ಟು ಅದರೊಳಗೆ ಹಾಕುತ್ತಿದ್ದರು, ಆ ಕಪ್ಪನ್ನು ಹಿಡಿದು ನಿಲ್ಲುವ ಕೆಲಸ ನನ್ನದು. ಹೊಸ ಚಕ್ರ ಕೂರಿಸಿದ ಮೇಲೆ ನಟ್ಟು ಬಿಗಿಯುವುದು ಸಾಲಾಗಿ ಅಲ್ಲ, ಒಂದರ ಎದುರಿನದು, ಅದರ ಪಕ್ಕದ್ದರ ಎದುರಿನದು, ಹೀಗೆ. ಕಾರು ಇಳಿಸಿ ಮತ್ತೊಮ್ಮೆ ಬಿಗಿದು, ಒಂದೆರಡು ಮೈಲು ಹೋದ ಮೇಲೆ ನಿಲ್ಲಿಸಿ ಮೂರನೆಯ ಸಲ ನೋಡುತ್ತಿದ್ದರು. ಮುಂದಿನ ಪೇಟೆ ಸಿಕ್ಕ ಕೂಡಲೇ ಮೊದಲ ಕೆಲಸ ಪಂಚರಾದ ಟಯರಿಗೆ ಪ್ಯಾಚ್ ಹಾಕಿಸುವುದು. ಸ್ಟೆಪ್ನಿ ಇಲ್ಲದೆ ಮುಂದೆ ಗಾಡಿ ಬಿಡಬಾರದೆಂಬುದು ಅವರ ಸ್ಟ್ಯಾಂಡಿನ ಎಲ್ಲರಿಗೂ ಇದ್ದ ಕಟ್ಟುಪಾಡು.

ಈ ಕಟ್ಟುಪಾಡು ನಮ್ಮ ಜಿಲ್ಲೆಯಲ್ಲಿ ಹಳೆಯದು. ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್, ನಾವೆಲ್ಲ ಸಿಪಿಸಿ ಎಂದು ಕರೆಯುವ ಬಸ್ ಕಂಪೆನಿ, ಹುಟ್ಟಿದ್ದು 1914ರಲ್ಲಿ. ಹೊಳೆಗಳಿಗೆ ಸೇತುವೆ ಇಲ್ಲದ, ಡಾಮರು ಕಾಣದ ದಾರಿಯಲ್ಲಿ ಗಾಡಿ ಓಡಿಸಿದ ಆ ಕಾಲದ ಡ್ರೈವರುಗಳಿಂದ ಕೈಯಿಂದ ಕೈಗೆ ಬಂದ ವಿದ್ಯೆ ಇದು. ಅದಕ್ಕೂ ಹತ್ತು ವರ್ಷ ಮೊದಲು, 1904ರಲ್ಲಿ, ವೇಲ್ಸ್ ದೇಶದ ಲಾನೆಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು ಹೆಚ್ಚುವರಿ ಚಕ್ರವನ್ನು ಮಾಡಿ ಮಾರಲು ತೊಡಗಿದ್ದರು. ಅದುವರೆಗೆ ದಾರಿಯಲ್ಲಿ ಟಯರ್ ಒಡೆದರೆ ಅಲ್ಲೇ ಕೂತು ಕಳಚಿ, ತೇಪೆ ಹಾಕಿ, ಕೈಯಿಂದ ಗಾಳಿ ಹೊಡೆದು ಹೊರಡಬೇಕಿತ್ತು. ಆ ಪಾಡು ತಪ್ಪಲೆಂದೇ ಐದನೆಯ ಚಕ್ರ ಬಂದದ್ದು.

"ಸ್ಕೂಟರಿನ ಸ್ಟೆಪ್ನಿ ಹೋಗಲಿಲ್ಲವೇ, ಯಾರಾದರೂ ಅತ್ತರೇ?" ಎಂದು ಕೇಳುವವರಿದ್ದಾರೆ. ಹೌದು, ಬಜಾಜ್ ಚೇತಕ್‌ಗೆ ಸ್ಟೆಪ್ನಿ ಇತ್ತು. ಗಾಡಿಯನ್ನು ಓರೆ ಮಾಡಿ ಚಕ್ರ ಬದಲಿಸುವ ಮಾಸ್ತರರು, ಬ್ಯಾಂಕಿನವರು ಊರ ತುಂಬ ಇದ್ದರು. ಆಮೇಲೆ ಬಂದ ಆಕ್ಟಿವಾಗೆ ಇಲ್ಲ. ಆದರೆ ಸ್ಕೂಟರನ್ನು ಒಬ್ಬರೇ ತಳ್ಳಿಕೊಂಡು ಹೋಗಬಹುದು, ಯಾರದ್ದಾದರೂ ಗೇಟಿನೊಳಗೆ ಇಟ್ಟು ಬಸ್ಸು ಹಿಡಿಯಬಹುದು. ಅದರಲ್ಲಿ ಕೂತು ರಾತ್ರಿ ಹನ್ನೊಂದಕ್ಕೆ ಹೆರಿಗೆ ನೋವಿನವರನ್ನು ಆಸ್ಪತ್ರೆಗೆ ಒಯ್ಯುವುದಿಲ್ಲ.

ಶಿರ್ವದಲ್ಲಿ ಕಾರು ಎಂದರೆ ಮೊದಲ ಅರ್ಥ ಅದು. ಮಕ್ಕಳು ಮುಂಬಯಿಯಲ್ಲಿ, ದುಬೈಯಲ್ಲಿ, ಕುವೈತಿನಲ್ಲಿ; ಮನೆಯಲ್ಲಿ ಇರುವುದು ಎಪ್ಪತ್ತು ದಾಟಿದ ಇಬ್ಬರು. ಮಗ ಊರಿಗೆ ಬಂದಾಗ ಕೊಂಡು ನಿಲ್ಲಿಸಿ ಹೋದ ಕಾರು ಅಂಗಳದಲ್ಲಿರುತ್ತದೆ. ಎದೆ ನೋವೆಂದರೆ ಪಕ್ಕದ ಮನೆಯ ಹುಡುಗನನ್ನು ಎಬ್ಬಿಸಿ ಮಣಿಪಾಲಕ್ಕೆ ಹೊರಡಬೇಕು, ದಾರಿ ಸುಮಾರು ಇಪ್ಪತ್ತು ಕಿಲೋಮೀಟರ್. ಆ ಹೊತ್ತಿನಲ್ಲಿ ಬಸ್ಸಿಲ್ಲ, ಪಂಚರ್ ಅಂಗಡಿಯ ಶಟರ್ ಎಳೆದಿರುತ್ತದೆ. ಸಹಾಯಕ್ಕೆ ಗಾಡಿ ಬರುವವರೆಗೆ ಕಾಯಿರಿ ಎಂದರೆ ರೋಗ ಕಾಯುವುದಿಲ್ಲ. ಶಂಕರಪುರದಿಂದ ಮಲ್ಲಿಗೆ ಒಯ್ಯುವ ಟೆಂಪೋಗಳನ್ನು ನಾನು ದಿನವೂ ನೋಡುತ್ತೇನೆ. ಅಟ್ಟೆಗೆ ಇಷ್ಟು ಎಂದು ಅಂದಂದಿಗೆ ದರ ಕಟ್ಟುವ ಹೂವು ಅದು; ಹೊತ್ತಿಗೆ ಸರಿಯಾಗಿ ಮಂಗಳೂರು ಮುಟ್ಟದಿದ್ದರೆ ಬೆಲೆ ಇಲ್ಲ. ಆ ಟೆಂಪೋಗಳ ಅಡಿಯಲ್ಲಿ ಸ್ಟೆಪ್ನಿ ಇಂದಿಗೂ ಉಂಟು. 2020ರ ಸಡಿಲಿಕೆ ಸಿಕ್ಕಿದ್ದು ಮನುಷ್ಯರು ಕೂರುವ ಕಾರಿಗೆ. ಹೂವಿಗೆ ಇರುವ ರಕ್ಷಣೆ ಬಸುರಿಗೆ, ಹೃದ್ರೋಗಿಗೆ ಇಲ್ಲವೆನ್ನುವುದು ನನಗೆ ಸರಿಕಾಣುವುದಿಲ್ಲ.

ಘಟ್ಟದ ಮೇಲಿನ ಪ್ರಯಾಣವನ್ನೂ ನೆನೆಯಿರಿ. ಶೃಂಗೇರಿ, ಹೊರನಾಡು ನಮ್ಮವರಿಗೆ ವರ್ಷಕ್ಕೊಮ್ಮೆಯಾದರೂ ಹೋಗಬೇಕಾದ ಜಾಗಗಳು. ಕಾರ್ಕಳ, ಬಜಗೋಳಿ, ಮಾಳ ದಾಟಿ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಹೊಕ್ಕರೆ ಮೈಲುಗಟ್ಟಲೆ ಒಂದು ಮನೆ ಇಲ್ಲ, ಫೋನಿನಲ್ಲಿ ಒಂದು ಗೆರೆ ಸಿಗ್ನಲ್ ಇಲ್ಲ, ಕತ್ತಲಾದ ಮೇಲೆ ವಾಹನಗಳಿಗೆ ಪ್ರವೇಶವೂ ಇಲ್ಲ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಒಂದು ಕಾರು ಕೆಟ್ಟು ನಿಂತರೆ ಹಿಂದೆ ಸಾಲು ನಿಲ್ಲುತ್ತದೆ. ಇಂಥಲ್ಲಿ ಸಹಾಯವಾಣಿಯ ನಂಬರು ಕೈಯಲ್ಲಿದ್ದೂ ಪ್ರಯೋಜನವಿಲ್ಲ. ಬೆಂಗಳೂರಿನ ವರ್ತುಲ ರಸ್ತೆಗೆ, ಗುರುಗ್ರಾಮದ ಮೇಲ್ಸೇತುವೆಗೆ ಸರಿಹೊಂದುವ ವ್ಯವಸ್ಥೆಯನ್ನು ಮಾಳದ ಘಟ್ಟಕ್ಕೂ ಹಾಗೆಯೇ ಅನ್ವಯಿಸಿದರೆ ಆಗುವ ತೊಂದರೆ ಇದು.

ಕಿಟ್ಟಿನ ಪರವಾಗಿ ಹೇಳಲೇಬೇಕಾದ್ದನ್ನೂ ಹೇಳುತ್ತೇನೆ. ಕಾಪುವಿನ ಬಳಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಟಯರ್ ಪಂಚರಾದರೆ, ಪಕ್ಕದಲ್ಲೇ ಲಾರಿಗಳು ನುಗ್ಗುತ್ತಿರುವಾಗ ರಸ್ತೆಯಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಚಕ್ರ ಬದಲಿಸುವುದು ಜೀವಕ್ಕೆ ಅಪಾಯ. ಅಂಥಲ್ಲಿ ಗಾಳಿ ತುಂಬಿಸಿ ಸರ್ವಿಸ್ ರಸ್ತೆಗೆ ಇಳಿಯುವುದೇ ಜಾಣತನ. ಬೆನ್ನುನೋವಿನವರಿಗೆ, ವಯಸ್ಸಾದವರಿಗೆ ಹದಿನೈದು ಕಿಲೋ ಚಕ್ರ ಎತ್ತಲಾಗುವುದಿಲ್ಲ, ಅವರಿಗೂ ಕಿಟ್ ಬೇಕು. ಗಾಳಿ ಕಡಿಮೆಯಾದದ್ದನ್ನು ಮೊದಲೇ ಹೇಳುವ ಸೆನ್ಸರ್ ಎಷ್ಟೋ ಟಯರುಗಳನ್ನು ಉಳಿಸಿದೆ. ಇವೆಲ್ಲ ಇರಲಿ. ಇವು ಬಂದವು ಎಂಬ ಕಾರಣಕ್ಕೆ ಸ್ಟೆಪ್ನಿ ಹೋಗಬೇಕಾಗಿಲ್ಲ ಎಂಬುದಷ್ಟೇ ನನ್ನ ಮಾತು. ತೆಳ್ಳಗಿನ ತಾತ್ಕಾಲಿಕ ಸ್ಟೆಪ್ನಿಯಾದರೂ ಆದೀತು. ಗಂಟೆಗೆ 80 ಕಿಲೋಮೀಟರ್ ಮೀರಬೇಡಿ ಎಂದು ಅದರ ಮೇಲೆ ಬರೆದಿರುತ್ತದೆ, ನಮ್ಮ ಒಳರಸ್ತೆಯಲ್ಲಿ ಅರವತ್ತು ದಾಟುವುದೇ ಕಷ್ಟ. ಬ್ಯಾಟರಿಗೆ ಜಾಗ ಬೇಕು, ಸ್ಟೆಪ್ನಿಗೆ ಎಲ್ಲಿ ಜಾಗ ಎನ್ನುವ ಕಂಪೆನಿಗಳು ಗ್ಯಾಸ್ ಕಾರುಗಳನ್ನು ನೋಡಲಿ. ಆಲ್ಟ್ರೋಜ್‌ನ ಸಿಎನ್‌ಜಿ ಮಾದರಿಯಲ್ಲಿ ಡಿಕ್ಕಿಯ ನೆಲದಡಿ ಎರಡು ಸಿಲಿಂಡರ್ ಇಟ್ಟು ಸ್ಟೆಪ್ನಿಯನ್ನು ಗಾಡಿಯ ಅಡಿಗೆ ನೇತು ಹಾಕಿದ್ದಾರೆ. ಮನಸ್ಸು ಮಾಡಿದರೆ ಜಾಗ ಹುಟ್ಟುತ್ತದೆ.

ಸಾರಿಗೆ ಸಚಿವಾಲಯಕ್ಕೆ ನನ್ನ ಬೇಡಿಕೆ ದೊಡ್ಡದಲ್ಲ. ಸ್ಟೆಪ್ನಿ ಇಲ್ಲದ ಕಾರಾದರೆ ಆ ವಿಷಯ ಬುಕಿಂಗ್ ಫಾರ್ಮಿನಲ್ಲೇ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಬೇಕು. ಕೇಳಿದವರಿಗೆ ಅದೇ ಅಳತೆಗೆ ಹೊಂದುವ ಚಕ್ರ, ಜಾಕ್, ಅದನ್ನು ಕಟ್ಟಿ ಇಡುವ ಬೆಲ್ಟು ನ್ಯಾಯವಾದ ಬೆಲೆಗೆ ಶೋರೂಮಿನಲ್ಲೇ ಸಿಗಬೇಕು. ಕಿಟ್ ಯಾವುದನ್ನು ಸರಿಮಾಡುವುದಿಲ್ಲ ಎಂಬುದನ್ನು ಗಾಡಿ ಕೈಗೆ ಕೊಡುವಾಗ ಬಾಯಿ ಬಿಟ್ಟು ಹೇಳಬೇಕು. ನಾಲ್ಕು ಫೋಟೋ ತೆಗೆದು, ಕೇಕ್ ಕತ್ತರಿಸಿ, ದೊಡ್ಡ ರಟ್ಟಿನ ಕೀಲಿ ಹಿಡಿಸುವಷ್ಟು ಹೊತ್ತು ಅಲ್ಲಿ ಉಂಟು. ಇದಕ್ಕೆ ಎರಡು ನಿಮಿಷ ಸಾಕು.

ಡ್ರೈವಿಂಗ್ ಸ್ಕೂಲಿನವರಿಗೂ ಒಂದು ಮಾತು. ಎಂಟು ಬರೆಯಿಸಿ, ರಿವರ್ಸ್ ಹಾಕಿಸಿ ಲೈಸೆನ್ಸ್ ಕೊಡಿಸುವಾಗ ಚಕ್ರ ಬದಲಿಸುವುದನ್ನೂ ಒಂದು ದಿನ ಕಲಿಸಿ. ಬಂಟಕಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ನನ್ನ ಅಣ್ಣನ ಮಗಳು ಮಾವನಿಂದ ಕಳೆದ ರಜೆಯಲ್ಲಿ ಇದನ್ನು ಕಲಿತಳು. ಸ್ಪ್ಯಾನರ್ ತುಳಿಯುವುದೂ ಕಲಿತಳು, ಎದುರುಬದುರು ನಟ್ಟು ಬಿಗಿಯುವುದೂ ಕಲಿತಳು. "ಇಷ್ಟೇಯಾ ಅಜ್ಜ?" ಎಂದು ಕೇಳಿದಳು. ಇಷ್ಟೇ. ಹುಡುಗಿಯರಿಗೆ ಇದಾಗದು ಎಂದು ಯಾರಾದರೂ ಹೇಳಿದರೆ ಈಗ ನಾನು ಅವಳನ್ನೇ ತೋರಿಸುತ್ತೇನೆ.

ಇನ್ನು ನೀವು. ಈ ದೀಪಾವಳಿಗೋ ಮುಂದಿನ ಯುಗಾದಿಗೋ ಕಾರು ತೆಗೆಯುವ ಆಲೋಚನೆ ಇದ್ದರೆ ಅಡ್ವಾನ್ಸ್ ಕೊಡುವ ಮೊದಲು ಡಿಕ್ಕಿ ತೆಗೆಸಿ, ಹಲಗೆ ಎತ್ತಿಸಿ ನೋಡಿ. ಸ್ಟೆಪ್ನಿ ಇಲ್ಲದಿದ್ದರೆ ಬೇಕೆಂದು ಕೇಳಿ, ಕೇಳಿದ್ದನ್ನು ಬರೆದು ಕೊಡಿ. ಹತ್ತು ಜನ ಬರೆದು ಕೇಳಿದರೆ ಕಂಪೆನಿಗೆ ಅದು ತಲುಪುತ್ತದೆ. ಕಿಟ್ ಮಾತ್ರ ಇರುವ ಕಾರು ಈಗಾಗಲೇ ಮನೆಯಲ್ಲಿದ್ದರೆ ಬಾಟಲಿಯ ತಾರೀಕು ನೋಡಿಡಿ, ನಿಮ್ಮ ಟಯರಿನ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಊರಿನ ಪಂಚರ್ ಅಂಗಡಿಯವರಿಗೆ ಕೊಟ್ಟಿಡಿ. ಸ್ಟೆಪ್ನಿ ಇರುವ ಕಾರಾದರೆ ಅದರಲ್ಲಿ ಗಾಳಿ ಉಂಟೋ ಎಂದು ಈ ಭಾನುವಾರವೇ ನೋಡಿಬಿಡಿ. ವರ್ಷಗಟ್ಟಲೆ ಯಾರೂ ಮುಟ್ಟದೆ ಗಾಳಿ ಇಳಿದ ಸ್ಟೆಪ್ನಿಗಳು ನಮ್ಮ ಊರಿನಲ್ಲಿ ಬೇಕಾದಷ್ಟಿವೆ.